ಅತ್ತೆಗೂ ಕುರ್ಚಿ ಹಾಕುವ ಸಮ್ಮೇಳನ

ವೈದ್ಯರ ಸಮ್ಮೇಳನ ಅಂದರೆ ನನಗೆ ಅಷ್ಟಕ್ಕಷ್ಟೆ. ಆದರೆ ಡೌನ್ ಸಿಂಡ್ರೋಮ್ ಸಮ್ಮೇಳನದ ಏರ್ಪಾಟನ್ನು ಮೆಚ್ಚಲೇಬೇಕು. ಅಲ್ಲಿಗೆ ಇಡೀ ಮನೆಯೇ ಹೋಗಬಹುದು. 2015ರ ಆಗಸ್ಟಿನಲ್ಲಿ ವಿಶ್ವ ಡೌನ್ ಸಿಂಡ್ರೋಮ್ ಕಾಂಗ್ರೆಸ್ ನಮ್ಮ ಪಕ್ಕದ ಚೆನ್ನೈಗೇ ಬಂದಿತ್ತು.

ರಾಯದುರ್ಗದ ಕಡೆಯ ಓಬಳಾಪುರದಂಥ ಗಡಿ ಊರುಗಳಲ್ಲಿ ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟಿದರೆ ಮಾತು ಬರುವುದು ಸೊಸೆಯ ಮೇಲೆಯೇ. 21ನೇ ಕ್ರೋಮೋಸೋಮು ಎರಡರ ಬದಲು ಮೂರಿರುವುದೇ ಕಾರಣ ಎಂದು 1959ರಲ್ಲೇ ಪ್ಯಾರಿಸ್ಸಿನಲ್ಲಿ ಪತ್ತೆಯಾಗಿದೆ, ಯಾರ ತಪ್ಪೂ ಅಲ್ಲ. ಅದು ಅತ್ತೆಯ ಕಿವಿಗೂ ಬೀಳಬೇಕಲ್ಲ!

ಇಂಥ ಸಮ್ಮೇಳನದಲ್ಲಿ ನನಗೆ ಭಾಷಣಕ್ಕಿಂತ ಚಾಪೆಯ ಮೇಲಿನ ಪಾಠ ಇಷ್ಟ. ಥೆರಪಿಸ್ಟು ಟವೆಲನ್ನು ಸುರುಳಿ ಸುತ್ತಿ, ಬೋರಲು ಮಲಗಿಸಿದ ಮಗುವಿನ ಎದೆಯಡಿ ಇಡುತ್ತಾರೆ. ಮುಂದೆ ಗಿಲಕಿ ಆಡಿಸಿದರೆ, ಸ್ನಾಯು ಸಡಿಲವಿರುವ ಆ ಕೂಸು ಕತ್ತು ನಡುಗಿಸುತ್ತಲೇ ತಲೆ ಎತ್ತುತ್ತದೆ. ಇದನ್ನು ಯಾವ ಅಜ್ಜಿಯಾದರೂ ಮನೆಯಲ್ಲಿ ಮಾಡಿಸಬಲ್ಲಳು. ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುವುದರಿಂದ ಎಕೋ ಮಾಡಿಸಿ, ಥೈರಾಯ್ಡ್ ನೋಡಿಸಿ ಎಂಬ ಬುದ್ಧಿಮಾತೂ ಸಿಗುತ್ತದೆ.

ಇಂಥದ್ದೊಂದು ಸಮ್ಮೇಳನ ಬಳ್ಳಾರಿಯಲ್ಲಿ, ಕನ್ನಡ ತೆಲುಗು ಎರಡರಲ್ಲೂ ನಡೆಯಲಿ. ಓಬಳಾಪುರದವರು ಬೆಳಗ್ಗೆ ಬಸ್ಸು ಹತ್ತಿ ಸಂಜೆಗೆ ಮನೆ ಸೇರಬಹುದು.