ಲೋಹಿತಾಶ್ವನ ಸಾವು

ಷಟ್ಪದಿಗೆ ಪ್ರತಿಷ್ಠೆ ತಂದ ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ವನ್ನು ಸತ್ಯದ ವಿಜಯಗಾಥೆಯೆಂದೇ ನಾವು ಬೋಧಿಸುತ್ತ ಬಂದಿದ್ದೇವೆ. ಆದರೆ ವಿದ್ಯಾರ್ಥಿಯೊಬ್ಬನು ಎದ್ದುನಿಂತು, “ಕೊನೆಗೆ ಬದುಕಿಸುವ ಶಿವನು ಹಾವು ಕಚ್ಚುವಾಗಲೇ ಏಕೆ ತಡೆಯಲಿಲ್ಲ, ಗುರುಗಳೇ?” ಎಂದು ಕೇಳಿದರೆ ಉತ್ತರವೇನು?

ಅದು ಪರೀಕ್ಷೆಯೆಂಬ ಸಮಾಧಾನವು ನುಡಿಗೆ ಕಟ್ಟುಬಿದ್ದ ಹರಿಶ್ಚಂದ್ರನಿಗೆ ಸಲ್ಲಬಹುದು, ಲೋಹಿತಾಶ್ವನಿಗೆ ಸಲ್ಲದು. ಇಂದ್ರಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರು ಹೂಡಿದ ಪಂತವನ್ನು ಆ ಬಾಲಕನು ಅರಿಯನು. ಒಡೆಯನ ಕೆಲಸಕ್ಕೆಂದು ಅಡವಿಗೆ ಹೋದವನು ಅಲ್ಲಿಯೇ ಮಡಿದನು. ಊಳಿಗ ಮುಗಿಯುವವರೆಗೆ ಮಗನ ಶವವನ್ನು ಅರಸಲು ಸಹ ತಾಯಿಗೆ ಬಿಡುವಿಲ್ಲ. ಸುಡುವುದಕ್ಕೆ ತೆರ ಬೇಡಿದವನು ಹಡೆದ ತಂದೆಯೇ!

ಕವಿಯ ಹಿರಿಮೆ ತೋರುವುದು ಇಲ್ಲಿ. ಪರಮ ಶಿವಭಕ್ತನಾದ ಅವನು ಈ ಶಂಕೆಯನ್ನು ತತ್ತ್ವೋಪದೇಶದಿಂದ ಅಡಗಿಸಲಿಲ್ಲ. ಚಂದ್ರಮತಿಯನ್ನು ಮನಸಾರೆ ಅಳಗೊಟ್ಟು, ವಿಶ್ವನಾಥನನ್ನು ಆಮೇಲೆ ಕರೆತಂದನು. ಮಗನು ಎದ್ದನು, ರಾಜ್ಯ ಮರಳಿತು ನಿಜ. ಆದರೆ ಆ ತಾಯಿ ಅತ್ತದ್ದು ಅಳದಂತಾಯಿತೇ? ಮಂಗಳಾಂತ್ಯವು ದುಃಖಕ್ಕೆ ತೆರೆಯೆಳೆಯಬಲ್ಲುದು, ಪ್ರಶ್ನೆಗೆ ಎಳೆಯಲಾರದು.

ಆದುದರಿಂದ ಕೇಳಿದ ಬಾಲಕನನ್ನು ‘ದೇವರ ಲೀಲೆ’ ಎಂದು ಹೇಳಿ ಕುಳ್ಳಿರಿಸದಿರೋಣ. ಚಂದ್ರಮತಿಯ ಪ್ರಲಾಪವನ್ನು ಅವನಿಂದಲೇ ಮತ್ತೊಮ್ಮೆ ಓದಿಸೋಣ. ಭಕ್ತಕವಿಯೇ ಎಡೆಗೊಟ್ಟ ಸಂಶಯಕ್ಕೆ ನಮ್ಮ ತರಗತಿಯಲ್ಲಿ ಎಡೆಯಿಲ್ಲದೆ ಹೋಗಬಾರದು.