ಎರಡು ಮೊಹಲ್ಲಾಗಳ ನಡುವಿನ ತಿಮ್ಮಯ್ಯ

ಜನರಲ್ ತಿಮ್ಮಯ್ಯನವರ ಬಗ್ಗೆ ನಾವು ಕನ್ನಡದಲ್ಲಿ ಓದಿದ ಬರಹಗಳಿಗೆ ಬಹುತೇಕ ಒಂದೇ ಅಚ್ಚು. 1948ರಲ್ಲಿ ಜೋಜಿಲಾಕ್ಕೆ ಟ್ಯಾಂಕು ಏರಿಸಿದ್ದು, 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದದ್ದು, 1959ರಲ್ಲಿ ಕೃಷ್ಣ ಮೆನನ್ ಜೊತೆ ಮುನಿಸಿಕೊಂಡು ರಾಜೀನಾಮೆ ಕೊಟ್ಟು ಹಿಂತೆಗೆದುಕೊಂಡದ್ದು. ಕೊರಿಯಾ, ಸೈಪ್ರಸ್‌ಗಳಿಗೆ ಕೊನೆಯಲ್ಲೊಂದು ಸಾಲು. ಈ ಅಳತೆಯ ಬಗ್ಗೆಯೇ ನಮ್ಮ ತಕರಾರು.

ಕೊರಿಯಾದಲ್ಲಿ 1953ರ ಕದನವಿರಾಮದ ನಂತರ 22 ಸಾವಿರಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು ಊರಿಗೆ ಮರಳಲು ಒಪ್ಪಲಿಲ್ಲ. ಅವರ ನಿಜವಾದ ಮನಸ್ಸು ತಿಳಿಯಲು ರಚನೆಯಾದ ಆಯೋಗಕ್ಕೆ ತಿಮ್ಮಯ್ಯ ಅಧ್ಯಕ್ಷರು. ದಕ್ಷಿಣ ಕೊರಿಯಾದ ಸಿಂಗ್‌ಮನ್ ರೀ ಭಾರತದ ಸೈನಿಕರು ತಮ್ಮ ನೆಲ ತುಳಿಯಕೂಡದೆಂದು ಹಠ ಹಿಡಿದರು. ಹಡಗಿನಲ್ಲಿ ಬಂದವರನ್ನು ಹೆಲಿಕಾಪ್ಟರಿನಲ್ಲಿ ಸೇನಾರಹಿತ ವಲಯಕ್ಕೆ ಒಯ್ಯಬೇಕಾಯಿತು. ಶಿಬಿರದೊಳಗೆ ಮುಖಂಡರ ದಬ್ಬಾಳಿಕೆ. ಕಾವಲಿನವರ ಗುಂಡಿಗೆ ಕೈದಿಗಳು ಸತ್ತದ್ದೂ ಉಂಟು. ಬಹುಪಾಲು ಕೈದಿಗಳನ್ನು ಕೇಳುವ ಕೆಲಸ ಆಗಲೇ ಇಲ್ಲ. ಯಾವ ಕಡೆಯೂ ಬೇಡವೆಂದ 88 ಮಂದಿ ಭಾರತಕ್ಕೆ ಬಂದರು. ತಿಮ್ಮಯ್ಯನವರು ಇದನ್ನೆಲ್ಲ ಬರೆದಿಟ್ಟ ಪುಸ್ತಕ ಅಚ್ಚಾದದ್ದು 1981ರಲ್ಲಿ, ಅವರು ತೀರಿಕೊಂಡು ಹದಿನಾರು ವರ್ಷಗಳ ಮೇಲೆ.

ಸೈಪ್ರಸ್‌ನ ಕಥೆಯಂತೂ ನಮ್ಮ ಓದುಗರಿಗೆ ಇನ್ನೂ ಹತ್ತಿರದ್ದು. ಗ್ರೀಕ್ ಕ್ರೈಸ್ತರು ಬಹುಸಂಖ್ಯಾತರು, ತುರ್ಕಿ ಮುಸ್ಲಿಮರು ಐದರಲ್ಲೊಂದು ಪಾಲಿಗೂ ಕಡಿಮೆ. 1963ರ ಡಿಸೆಂಬರಿನ ಗಲಭೆಯ ನಂತರ ತುರ್ಕಿಯರು ತಮ್ಮ ತಮ್ಮ ಮೊಹಲ್ಲಾ, ಹಳ್ಳಿಗಳಲ್ಲಿ ಒತ್ತಾಗಿ ಸೇರಿಕೊಂಡರು. 1964ರ ಜುಲೈನಲ್ಲಿ ಸುಮಾರು 6,000 ಸೈನಿಕರ ವಿಶ್ವಸಂಸ್ಥೆ ಪಡೆಯನ್ನು ತಿಮ್ಮಯ್ಯ ವಹಿಸಿಕೊಂಡರು. ಅದರಲ್ಲಿ ಭಾರತದ ತುಕಡಿ ಇರಲಿಲ್ಲ. ಮರುತಿಂಗಳೇ ಕೊಕ್ಕಿನಾದಲ್ಲಿ ಕಾಳಗ ನಡೆದು ತುರ್ಕಿಯ ವಿಮಾನಗಳು ಬಾಂಬು ಹಾಕಿದವು, ಪಡೆಗೆ ತಡೆಯಲಾಗಲಿಲ್ಲ. 1965ರ ಡಿಸೆಂಬರ್ 18ರಂದು ತಿಮ್ಮಯ್ಯ ಅಲ್ಲೇ ಹೃದಯಾಘಾತದಿಂದ ತೀರಿಕೊಂಡರು. 1974ರಲ್ಲಿ ದ್ವೀಪ ಎರಡಾಯಿತು.

ಹಾಗಾದರೆ ಈ ನಿಲ್ಲುವಿಕೆಗೆ ಬೆಲೆಯೇನು? ಬೈರಾಪಟ್ಟಣದಲ್ಲಿ ಕುಳಿತು ಇದನ್ನು ಕೇಳಿಕೊಳ್ಳುವುದು ಕಷ್ಟವೇನಲ್ಲ. ಗಣೇಶನ ಮೆರವಣಿಗೆಯೋ ಬಕ್ರೀದೋ ಹತ್ತಿರ ಬಂದರೆ ಠಾಣೆಯಲ್ಲಿ ಶಾಂತಿ ಸಭೆ ಕರೆಯುತ್ತಾರೆ. ಎರಡೂ ಕಡೆಯ ಹಿರಿಯರು ಚಹಾ ಕುಡಿದು ಏಳುವಾಗ ಎಲ್ಲರ ಕಣ್ಣು ಇನ್ಸ್‌ಪೆಕ್ಟರ್ ಮುಖದ ಮೇಲೆ: ಈತ ನಾಳೆ ಯಾರ ಕಡೆ ನಿಲ್ಲುತ್ತಾನೆ? ಉರ್ದುವಿನ ಅಮನ್, ಅಮಾನ್ ಒಂದೇ ಬೇರಿನ ಮಾತುಗಳು. ಮೊದಲನೆಯದು ಶಾಂತಿ, ಎರಡನೆಯದು ಅಭಯ. ಅಭಯವಿಲ್ಲದ ಕಡೆ ಶಾಂತಿ ಬರೀ ಬೋರ್ಡು.

ಶ್ರೀಲಂಕಾಕ್ಕೆ 1987ರಲ್ಲಿ ಹೋದದ್ದೂ ಶಾಂತಿಪಡೆಯೇ. ಅದು ವಿಶ್ವಸಂಸ್ಥೆಯದಲ್ಲ, ಎರಡು ಸರ್ಕಾರಗಳ ಒಪ್ಪಂದದ್ದು. ಆ ಅಕ್ಟೋಬರಿನಲ್ಲಿ ಅದು ಜಾಫ್ನಾ ಆಸ್ಪತ್ರೆಗೆ ನುಗ್ಗಿದಾಗ ರೋಗಿಗಳು, ವೈದ್ಯರು, ದಾದಿಯರು ಸತ್ತರು. 1990ರ ಹೊತ್ತಿಗೆ ಸುಮಾರು 1,200 ಭಾರತೀಯ ಯೋಧರೂ ಜೀವ ತೆತ್ತಿದ್ದರು. ಯೋಧರ ಲೆಕ್ಕ ನಮ್ಮ ಪತ್ರಿಕೆಗಳಿಗೆ ಬಾಯಿಪಾಠ. ಆಸ್ಪತ್ರೆಯ ಲೆಕ್ಕ?

ಮಡಿಕೇರಿಯ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' 2021ರಲ್ಲಿ ಮ್ಯೂಸಿಯಂ ಆಯಿತು. ಒಳ್ಳೆಯದೇ. ಸೈಪ್ರಸ್ ಸರ್ಕಾರ 1966ರಲ್ಲೇ ಅವರ ಹೆಸರಿನಲ್ಲಿ ಅಂಚೆಚೀಟಿ ತಂದಿತ್ತು. ಆದರೆ ಆ ಹೊತ್ತಿಗೆ ಆ ಸರ್ಕಾರದಲ್ಲಿ ತುರ್ಕಿಯರು ಉಳಿದಿರಲಿಲ್ಲ. ಅವರ ಮೊಹಲ್ಲಾಗಳಲ್ಲಿ ಈ ಕೊಡವ ಜನರಲ್ ಹೇಗೆ ನೆನಪಿದ್ದಾರೆ ಎಂದು ಕೇಳಿ ಬರೆಯುವ ಕನ್ನಡದ ಲೇಖಕ ಬೇಕಾಗಿದ್ದಾನೆ.