ಮಾವಿನ ಫಸಲಿನಲ್ಲಿ ನೊಣದ ಪಾಲು

ಜೇನು ಅಳಿದರೆ ಮನುಷ್ಯನಿಗೆ ಉಳಿಯುವುದು ನಾಲ್ಕೇ ವರ್ಷ ಎಂದು ಐನ್‌ಸ್ಟೈನ್ ಹೇಳಿದರಂತೆ. ಪರಿಸರ ದಿನದ ಭಾಷಣಗಳಲ್ಲಿ ಈ ಮಾತು ತಪ್ಪುವುದಿಲ್ಲ. ಅವರು ಹಾಗೆಂದದ್ದಕ್ಕೆ ದಾಖಲೆಯಿಲ್ಲ. ಭತ್ತ, ರಾಗಿ, ಗೋಧಿಗಂತೂ ಜೇನಿನ ಹಂಗೇ ಇಲ್ಲ. ಅದು ಹೋಗಲಿ. ಪರಾಗಸ್ಪರ್ಶ ಎಂದರೆ ಜೇನು, ಜೇನು ಎಂದರೆ ಪೆಟ್ಟಿಗೆ ಎಂಬ ಸೋಮಾರಿ ನಂಬಿಕೆ ಬೇರೂರಿದ್ದೇ ದೊಡ್ಡ ನಷ್ಟ.

ಶ್ರೀನಿವಾಸಪುರದ ಕಡೆ ಹೂ ತುಂಬಿದ ಮಾವಿನ ಮರದಡಿ ಹತ್ತು ನಿಮಿಷ ನಿಂತು ನೋಡಿ. ಗೊಂಚಲಿನ ತುಂಬ ನೊಣ: ಹಸಿರು-ನೀಲಿ ಮಿರುಗುವ ಮಾಂಸದ ನೊಣ, ಜೇನಿನ ವೇಷ ತೊಟ್ಟ ಹೂನೊಣ. ಅವು ದಾರಿ ತಪ್ಪಿ ಬಂದವಲ್ಲ. ಮಾವಿನ ಪುಟ್ಟ ಹೂವಿನ ಮಕರಂದ ಆಳದ ಕೊಳವೆಯಲ್ಲಿಲ್ಲ, ತೆರೆದ ಬಿಲ್ಲೆಯ ಮೇಲಿದೆ. ಮೋಟು ನಾಲಿಗೆಯವರಿಗೆಂದೇ ಬಡಿಸಿದ ಎಲೆ. ಅಂಟು ಪರಾಗ ಗಾಳಿಗೆ ಅಷ್ಟಾಗಿ ಹಾರದು. ದಶೇರಿಯಂಥ ತಳಿಗೆ ತನ್ನದೇ ಪರಾಗ ಒಗ್ಗದು. ಬೇರೆ ತಳಿಯ ಮರದಿಂದ ಯಾರಾದರೂ ಹೊತ್ತು ತರಬೇಕು.

ನೊಣಕ್ಕೆ ಜೇನಿನಷ್ಟು ರೋಮವಿಲ್ಲ, ಕಾಲಲ್ಲಿ ಪರಾಗದ ಬುಟ್ಟಿಯಿಲ್ಲ ಎನ್ನುವವರಿದ್ದಾರೆ. ನಿಜ. ಆದರೆ ಜೇನು ಬುಟ್ಟಿಯಲ್ಲಿ ಒದ್ದೆಮಾಡಿ ಕಟ್ಟಿದ ಪರಾಗ ಗೂಡಿನ ಮರಿಗಳ ಪಾಲು. ಹೂವಿಗೆ ಸಿಗುವುದು ಮೈಗಂಟಿದ ಪುಡಿ ಮಾತ್ರ. ಅದನ್ನು ನೊಣವೂ ಹೊರುತ್ತದೆ. ತುಡುವೆ, ಮುಜಂಟಿ ಜೇನುಗಳೂ ಮಾವಿಗೆ ಬರುತ್ತವೆ, ದುಡಿಯುತ್ತವೆ. ಇಡೀ ಕೂಲಿ ಅವುಗಳ ಲೆಕ್ಕಕ್ಕೇ ಬರೆಯುವುದು ಅನ್ಯಾಯ. ಉತ್ತರ ಆಸ್ಟ್ರೇಲಿಯಾದ ಕೆಲವು ಮಾವು ಬೆಳೆಗಾರರು ಹೂಬಿಡುವ ಹೊತ್ತಿಗೆ ತೋಪಿನಲ್ಲಿ ಕೊಳೆತ ಮಾಂಸ, ಮೀನು ಇಟ್ಟು ನೊಣಗಳನ್ನು ಕರೆಯುತ್ತಾರೆ. ನಾತ ಸಹಿಸಿದವರಿಗೆ ಕಾಯಿ ಎಂಬುದು ಅವರ ಲೆಕ್ಕ.

ನಮ್ಮಲ್ಲೋ ಜಿಗಿಹುಳುವಿನ ಭಯಕ್ಕೆ ಹೂ ಪೂರ್ತಿ ಅರಳಿದಾಗಲೇ ಕೀಟನಾಶಕ ಹೊಡೆಯುತ್ತಾರೆ; ಆಮೇಲೆ ಕಾಯಿ ಕಚ್ಚಲಿಲ್ಲವೆಂದು ಜೇನುಪೆಟ್ಟಿಗೆ ತರುತ್ತಾರೆ. ಸಿಂಪಡಿಸಲೇಬೇಕಿದ್ದರೆ ತೆನೆ ಹೊರಡುವಾಗ, ಹೂ ಬಿರಿಯುವ ಮೊದಲೇ ಮುಗಿಸಬೇಕು. ಜೇನುಪೆಟ್ಟಿಗೆಗೆ ಸಬ್ಸಿಡಿ ಇದೆ, ಇರಲಿ. ನೊಣ ಅದನ್ನೂ ಕೇಳುವುದಿಲ್ಲ. ಹೂ ಅರಳಿರುವಷ್ಟು ದಿನ ಸ್ಪ್ರೇಯರ್ ಕೊಟ್ಟಿಗೆಯ ಮೂಲೆಯಲ್ಲಿದ್ದರೆ ಅದಕ್ಕೆ ಸಾಕು.